ಚಿತ್ರ ಯಾರದು, ಚೀಲ ಯಾರದು?

1966ರ ಫೆಬ್ರವರಿ 14ರಂದು ಆಸ್ಟ್ರೇಲಿಯಾ ಪೌಂಡು–ಶಿಲ್ಲಿಂಗುಗಳನ್ನು ಬಿಟ್ಟು ಡಾಲರಿಗೆ ಬದಲಾಯಿತು. ಹೊಸ ಒಂದು ಡಾಲರ್ ನೋಟಿನ ಹಿಂಬದಿಯಲ್ಲಿ ಮರದ ತೊಗಟೆಯ ಮೇಲೆ ಬರೆದ ಚಿತ್ರವೊಂದರ ರೂಪವಿತ್ತು. ಹಾವು ಕಚ್ಚಿ ಸತ್ತ ಬೇಟೆಗಾರ ಪೂರ್ವಜನೊಬ್ಬನ ಉತ್ತರಕ್ರಿಯೆ ಅದರ ವಸ್ತು. ದೇಶದ ಪ್ರತಿಯೊಬ್ಬರ ಜೇಬಿಗೂ ಆ ಚಿತ್ರ ಸೇರಿತು; ಬರೆದವರಿಗೆ ಮಾತ್ರ ಸುದ್ದಿಯೇ ಇರಲಿಲ್ಲ. ಡೇವಿಡ್ ಮಲಂಗಿ ಎಂಬ ಆ ಕಲಾವಿದರು ಉತ್ತರದ ಆರ್ನ್‌ಹೆಮ್ ಲ್ಯಾಂಡ್‌ನಲ್ಲಿ ತಮ್ಮ ಪಾಡಿಗೆ ಬದುಕಿದ್ದರು. ಅವರ ಚಿತ್ರವನ್ನು ಯುರೋಪಿನ ಸಂಗ್ರಾಹಕರೊಬ್ಬರು ಕೊಂಡೊಯ್ದಿದ್ದರು, ಅದರ ಫೋಟೊ ರಿಸರ್ವ್ ಬ್ಯಾಂಕಿಗೆ ಬಂದಿತ್ತು. ಇದು ಯಾವುದೋ ಕಾಲದ ಹೆಸರಿಲ್ಲದ ಕೈಯ ಕೆಲಸವೆಂದು ಅಲ್ಲಿನವರು ಭಾವಿಸಿದ್ದರು. ವಿಷಯ ಬಯಲಾದ ಮೇಲೆ ಬ್ಯಾಂಕಿನ ಗವರ್ನರ್ ಎಚ್.ಸಿ. ಕೂಂಬ್ಸ್ ಮಲಂಗಿಯವರಿಗೆ ಸಾವಿರ ಡಾಲರ್, ಒಂದು ಬೆಳ್ಳಿ ಪದಕ ಮತ್ತು ಮೀನು ಹಿಡಿಯುವ ಸಲಕರಣೆ ಕೊಡಿಸಿದರು. ಕೇಳದೆ ತೆಗೆದುಕೊಂಡವರು ಸಿಕ್ಕಿಬಿದ್ದ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಕೊಟ್ಟು ಸಮಾಧಾನ ಮಾಡುವ ಮುಜುಗರ ಆ ಪಟ್ಟಿಯಲ್ಲೇ ಕಾಣುತ್ತದೆ.

ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರ ಈಗ ನೋಟಿನಿಂದ ಇಳಿದು ಚಹಾ ಲೋಟ, ಕೈಚೀಲ, ಕಾಲುಚೀಲ, ದಿಂಬಿನ ಕವರು, ಟೀ ಶರ್ಟು, ಕನ್ನಡಕದ ಡಬ್ಬಿಗಳ ಮೇಲೆಲ್ಲ ಹರಡಿದೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿದ ಕನ್ನಡಿಗರು ಊರಿಗೆ ಬರುವಾಗ ಸೂಟ್‌ಕೇಸಿನ ಮೂಲೆಯಲ್ಲಿ ತುರುಕುವುದೂ ಇಂಥದ್ದನ್ನೇ. ಹಗುರ, ಒಡೆಯುವುದಿಲ್ಲ, ನೋಡಿದೊಡನೆ ಆಸ್ಟ್ರೇಲಿಯಾದ್ದೆಂದು ತಿಳಿಯುತ್ತದೆ. ಅದರ ಮೇಲಿರುವ ಚುಕ್ಕಿಗಳನ್ನು ಇಟ್ಟವರು ಯಾರು ಎನ್ನುವುದು ಮಾತ್ರ ನೋಡಿದೊಡನೆ ತಿಳಿಯುವುದಿಲ್ಲ.

ಬಿರೂಬಿ ಆರ್ಟ್ ಎಂಬ ಕಂಪನಿಯ ಪ್ರಕರಣ ಇದಕ್ಕೆ ಒಳ್ಳೆಯ ಸಾಕ್ಷಿ. ಬೂಮರಾಂಗ್, ಡಿಡ್ಜೆರಿಡೂ ಎಂಬ ಉದ್ದ ಕೊಳವೆಯ ವಾದ್ಯ, ಚಿತ್ರ ಬಿಡಿಸಿದ ಕಲ್ಲು ಇವೆಲ್ಲ ಅದರ ಸರಕು. ಚೀಟಿಯ ಮೇಲೆ ‘ಅಬಾರಿಜಿನಲ್ ಕಲೆ’, ‘ಕೈಯಿಂದ ಬಣ್ಣ ಹಚ್ಚಿದ್ದು’ ಎಂಬ ಮಾತುಗಳು. ಪಕ್ಕದಲ್ಲಿ ಆಸ್ಟ್ರೇಲಿಯಾದ ಹೆಸರು. ಕೈಯಿಂದ ಬಣ್ಣ ಹಚ್ಚಿದ್ದೇನೋ ನಿಜ, ಆ ಕೈಗಳು ಇಂಡೊನೇಷ್ಯಾದವು. 2015ರ ಜುಲೈನಿಂದ 2017ರ ನವೆಂಬರ್‌ವರೆಗೆ ಇಂಥ 18 ಸಾವಿರಕ್ಕೂ ಹೆಚ್ಚು ವಸ್ತುಗಳು ಮಾರಾಟವಾದವು. ಗ್ರಾಹಕ ಆಯೋಗ ನ್ಯಾಯಾಲಯಕ್ಕೆ ಹೋಯಿತು, ಫೆಡರಲ್ ಕೋರ್ಟ್ 2019ರಲ್ಲಿ 23 ಲಕ್ಷ ಡಾಲರ್ ದಂಡ ಹಾಕಿತು. ಆ ಹೊತ್ತಿಗೆ ಕಂಪನಿ ಬಾಗಿಲು ಮುಚ್ಚುವ ಪ್ರಕ್ರಿಯೆಯಲ್ಲಿತ್ತು.

ಇಲ್ಲೊಂದು ಸೂಕ್ಷ್ಮವಿದೆ. ಬಿರೂಬಿಗೆ ದಂಡ ಬಿದ್ದದ್ದು ಕದ್ದದ್ದಕ್ಕಲ್ಲ, ಗ್ರಾಹಕರನ್ನು ದಾರಿ ತಪ್ಪಿಸಿದ್ದಕ್ಕೆ. ಚೀಟಿಯಲ್ಲಿ ‘ಇಂಡೊನೇಷ್ಯಾದಲ್ಲಿ ತಯಾರಿಸಿದ್ದು’ ಎಂದು ನಿಚ್ಚಳವಾಗಿ ಬರೆದಿದ್ದರೆ ಅದೇ ಬೂಮರಾಂಗನ್ನು ಅದೇ ಅಂಗಡಿಯಲ್ಲಿ ರಾಜಾರೋಷವಾಗಿ ಮಾರಬಹುದಿತ್ತು. ಹಕ್ಕುಸ್ವಾಮ್ಯ ಕಾನೂನು ಒಬ್ಬ ವ್ಯಕ್ತಿಯ ಒಂದು ಕೃತಿಯನ್ನು ಕಾಯುತ್ತದೆ. ಒಂದು ಜನಾಂಗದ ಶೈಲಿಯನ್ನು ಕಾಯುವುದಿಲ್ಲ. ಚುಕ್ಕಿ ಇಡುವುದಕ್ಕೆ, ಅಡ್ಡ ಗೆರೆಗಳ ಜಾಲ ಎಳೆಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆಸ್ಟ್ರೇಲಿಯಾದ ಉತ್ಪಾದಕತಾ ಆಯೋಗ 2022ರಲ್ಲಿ ಕೊಟ್ಟ ವರದಿಯ ಪ್ರಕಾರ 2019–20ರಲ್ಲಿ ಮೂಲನಿವಾಸಿ ದೃಶ್ಯಕಲೆ ಮತ್ತು ಕರಕುಶಲದ ಒಟ್ಟು ಮಾರಾಟ ಸುಮಾರು 25 ಕೋಟಿ ಡಾಲರ್. ಮೂಲನಿವಾಸಿ ಶೈಲಿಯ ನೆನಪಿನ ಕಾಣಿಕೆ, ದಿನಬಳಕೆಯ ವಸ್ತುಗಳ ಮೇಲೆ ಜನ ಖರ್ಚು ಮಾಡಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಮೂಲನಿವಾಸಿಗಳಿಗೆ ಯಾವ ಸಂಬಂಧವೂ ಇಲ್ಲದ ಸರಕಿಗೆ. ಲಕ್ಷಗಟ್ಟಲೆ ಬೆಲೆಯ ಕ್ಯಾನ್ವಾಸ್ ಕೊಳ್ಳುವವನು ಪ್ರಮಾಣಪತ್ರ ಕೇಳುತ್ತಾನೆ. ಹದಿನೈದು ಡಾಲರಿನ ಲೋಟ ಕೊಳ್ಳುವವನು ಏನನ್ನೂ ಕೇಳುವುದಿಲ್ಲ. ಮೋಸ ನೆಲೆ ಊರಿದ್ದು ಆ ಲೋಟದ ಕಪಾಟಿನಲ್ಲೇ.

ಅಗ್ಗದ ಸರಕಷ್ಟೇ ಇಂಥದ್ದಕ್ಕೆ ಹೆಸರಾಗಿಲ್ಲ. ಫ್ರಾನ್ಸಿನ ಶನೆಲ್ ಸಂಸ್ಥೆ 2017ರಲ್ಲಿ ತನ್ನ ಲಾಂಛನ ಒತ್ತಿದ ಕರಿಯ ಬೂಮರಾಂಗ್ ಒಂದನ್ನು ಸುಮಾರು ಎರಡು ಸಾವಿರ ಆಸ್ಟ್ರೇಲಿಯನ್ ಡಾಲರಿಗೆ ಮಾರಾಟಕ್ಕಿಟ್ಟು ಬೈಸಿಕೊಂಡಿತ್ತು.

ದುಡ್ಡಿನ ವಿಚಾರ ಒಂದಾದರೆ ಯಾವ ಚಿತ್ರ ಯಾವ ವಸ್ತುವಿನ ಮೇಲೆ ಬರಬಹುದು ಎನ್ನುವುದು ಇನ್ನೊಂದು. ಹೊರಗಿನವರಿಗೆ ಅರ್ಥವಾಗಲು ಹೆಚ್ಚು ಕಷ್ಟವಾದದ್ದು ಈ ಎರಡನೆಯದು. ಆರ್ನ್‌ಹೆಮ್ ಲ್ಯಾಂಡ್‌ನ ಕಲಾವಿದರಿಗೆ ಚಿತ್ರವೆಂದರೆ ಅಲಂಕಾರವಲ್ಲ. ಅದು ಒಂದು ಕುಲಕ್ಕೂ ಅದರ ನೆಲಕ್ಕೂ ಇರುವ ಸಂಬಂಧದ ದಾಖಲೆ. ಅದನ್ನು ಬರೆಯುವ ಹಕ್ಕು ಹುಟ್ಟಿನಿಂದ, ದೀಕ್ಷೆಯಿಂದ, ಹಿರಿಯರ ಒಪ್ಪಿಗೆಯಿಂದ ಬರುತ್ತದೆ. ಬರೆದವರೂ ಅದರ ಪೂರ್ಣ ಒಡೆಯರಲ್ಲ. ಅದಕ್ಕೆ ಕೆಡುಕಾದರೆ ಉತ್ತರ ಹೇಳಬೇಕಾದವರು ಮಾತ್ರ ಅವರೇ.

1990ರ ದಶಕದ ಆರಂಭದಲ್ಲಿ ಪರ್ತ್ ನಗರದ ಕಂಪನಿಯೊಂದು ವಿಯೆಟ್ನಾಮಿನಲ್ಲಿ ನೇಯಿಸಿದ ಉಣ್ಣೆಯ ಜಮಖಾನಗಳನ್ನು ತಂದು ಮಾರತೊಡಗಿತು. ಮೂಲನಿವಾಸಿ ಕಲಾವಿದರ ಹೆಸರಾಂತ ಕೃತಿಗಳ ನಕಲು ಅವುಗಳ ಮೇಲಿದ್ದವು. ಬಂಡುಕ್ ಮರಿಕಾ ಎಂಬ ಕಲಾವಿದೆಯ ಪವಿತ್ರ ನೀರ್ದಾಣದ ಚಿತ್ರವೂ ಅದರಲ್ಲೊಂದು. ಅದು ಅವರ ಕುಲದ ಸೃಷ್ಟಿಕಥೆಗೆ ಸೇರಿದ್ದು. ಎಲ್ಲೆಂದರಲ್ಲಿ ತೋರಿಸುವಂಥದ್ದೇ ಅಲ್ಲ. ಈಗ ಅದರ ಮೇಲೆ ಊರಿನವರೆಲ್ಲ ಚಪ್ಪಲಿ ಹಾಕಿಕೊಂಡು ನಡೆಯುವ ಏರ್ಪಾಡಾಗಿತ್ತು. ದೇವರ ಪಟವನ್ನು ಕಾಲೊರಸಿನ ಮೇಲೆ ಅಚ್ಚು ಹಾಕಿದರೆ ನಮ್ಮಲ್ಲಿ ಏನಾಗುತ್ತದೆಂದು ಊಹಿಸಿದರೆ ಆ ನೋವಿನ ಅಂದಾಜು ಸಿಕ್ಕೀತು. ವಿಚಿತ್ರವೆಂದರೆ ಜಮಖಾನದ ಚೀಟಿಯಲ್ಲಿ ಪ್ರತಿ ಮಾರಾಟಕ್ಕೂ ಮೂಲನಿವಾಸಿ ಕಲಾವಿದರಿಗೆ ರಾಯಲ್ಟಿ ಸಲ್ಲುತ್ತದೆಂದು ಬರೆದಿತ್ತು. ಸಂದದ್ದು ಒಂದು ಕಾಸೂ ಇಲ್ಲ.

ಬಂಡುಕ್ ಮರಿಕಾ, ಜಾರ್ಜ್ ಮಿಲ್‌ಪುರುರು, ಟಿಮ್ ಪಯುಂಗ್ಕ ಮತ್ತು ತೀರಿಹೋಗಿದ್ದ ಐವರು ಕಲಾವಿದರ ಪರವಾಗಿ ದಾವೆ ಹೂಡಲಾಯಿತು. ಸತ್ತವರ ಹೆಸರು ಎತ್ತುವುದು ಆ ಸಮುದಾಯಗಳಲ್ಲಿ ನಿಷಿದ್ಧ. ಹಾಗಾಗಿ ಕೋರ್ಟಿನಲ್ಲಿ ಅವರನ್ನು ಬಳಿಯ, ಅಂದರೆ ಬಂಧುಗುಂಪಿನ, ಹೆಸರುಗಳಿಂದ ಕರೆಯಲಾಯಿತು. 1994ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ವಾನ್ ಡೌಸಾ ಕೊಟ್ಟ ತೀರ್ಪು ದೊಡ್ಡ ಸುದ್ದಿಯಾಯಿತು. ಪರಿಹಾರದ ಮೊತ್ತ 1,88,000 ಡಾಲರ್‌ಗೂ ಮಿಗಿಲಾಗಿತ್ತು. ವ್ಯಾಪಾರದ ನಷ್ಟದ ಜೊತೆಗೆ, ತಮ್ಮ ಸಮುದಾಯದೊಳಗೆ ಕಲಾವಿದರು ಅನುಭವಿಸಿದ ಅವಮಾನ, ಸಂಕಟಗಳನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಕಾನೂನು ಕಾಲೇಜುಗಳಲ್ಲಿ ಈಗಲೂ ಪಾಠ ಮಾಡುವ ತೀರ್ಪು ಅದು. ಕಂಪನಿ ದಿವಾಳಿಯಾಯಿತು; ಕಲಾವಿದರ ಕೈಗೆ ಹಣ ಬರಲಿಲ್ಲ.

ಅದಕ್ಕೂ ಮೊದಲು, 1980ರ ದಶಕದ ಕೊನೆಯಲ್ಲಿ, ಕಲಾವಿದ ಜಾನಿ ಬುಲುನ್ ಬುಲುನ್ ಅವರ ಕೊಳ ಮತ್ತು ಹೆಬ್ಬಾತುಗಳ ಚಿತ್ರ ಟೀ ಶರ್ಟುಗಳ ಮೇಲೆ ಕಾಣಿಸಿಕೊಂಡಿತ್ತು. ಅವರು ಕುಂಚವನ್ನೇ ಕೆಳಗಿಟ್ಟರು. ಇದು ಬಗೆಹರಿಯದೆ ಚಿತ್ರ ಬರೆಯುವುದಿಲ್ಲವೆಂದರು. ಆ ಪ್ರಕರಣ ರಾಜಿಯಲ್ಲಿ ಮುಗಿದರೂ, ಹತ್ತು ವರ್ಷ ತುಂಬುವುದರೊಳಗೆ ಅವರ ಚಿತ್ರ ಮತ್ತೆ ಆಮದು ಬಟ್ಟೆಯ ಮೇಲೆ ಬಂತು. 1998ರ ಆ ತೀರ್ಪಿನಲ್ಲಿ ಅದೇ ನ್ಯಾಯಮೂರ್ತಿಗಳು ಕುಲಕ್ಕೆ ಹಕ್ಕುಸ್ವಾಮ್ಯವಿದೆ ಎನ್ನಲಿಲ್ಲ. ಆದರೆ ಚಿತ್ರಕಾರನಿಗೆ ತನ್ನ ಕುಲದ ಹಿತ ಕಾಯುವ ಕಾನೂನುಬದ್ಧ ಹೊಣೆಯಿದೆ ಎಂದರು. ಬಾಗಿಲು ಪೂರ್ತಿ ತೆರೆಯಲಿಲ್ಲ, ಸಂದಿಯಿಂದ ಬೆಳಕು ಬಂತು.

ಕೋರ್ಟಿನ ಈ ದಾರಿ ಸವೆಯುವ ಎಷ್ಟೋ ಮೊದಲೇ ಮೂಲನಿವಾಸಿಗಳು ಇನ್ನೊಂದು ದಾರಿ ಹಿಡಿದಿದ್ದರು: ದಿನಬಳಕೆಯ ವಸ್ತುವನ್ನು ತಾವೇ ಮಾಡುವುದು, ತಾವೇ ಬೆಲೆ ಕಟ್ಟುವುದು. ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯ ಎರ್ನಬೆಲ್ಲಾದಲ್ಲಿ 1948ರಲ್ಲೇ ಕುಶಲಕಲೆಯ ಕೊಠಡಿಯೊಂದು ಶುರುವಾಯಿತು. ಅಲ್ಲಿನ ಮಹಿಳೆಯರು ಕುರಿಯ ಉಣ್ಣೆ ನೂತು ನೆಲಹಾಸು ಮಾಡುತ್ತಿದ್ದರು, 1970ರ ದಶಕದಲ್ಲಿ ಬಾಟಿಕ್ ಕಲಿತರು. ಇಂದಿಗೂ ನಡೆಯುತ್ತಿರುವ ಮೂಲನಿವಾಸಿ ಕಲಾಕೇಂದ್ರಗಳಲ್ಲಿ ಅದೇ ಹಿರಿಯದು. ಉತ್ತರದ ತಿವಿ ದ್ವೀಪಗಳಲ್ಲೊಂದರಲ್ಲಿ ಬೀಡ್ ತುಂಗುಟಲುಂ, ಜಿಯೋವನ್ನಿ ತಿಪುಂಗ್‌ವುಟಿ ಎಂಬ ಇಬ್ಬರು ಯುವಕರು 1969ರ ಹೊತ್ತಿಗೆ ಮರದ ಅಚ್ಚು ಕೆತ್ತಿ ಮುದ್ರಿಸತೊಡಗಿದರು. ಬರುಬರುತ್ತ ಅದು ಬಟ್ಟೆಗೆ ಹರಡಿ ತಿವಿ ಡಿಸೈನ್ಸ್ ಆಯಿತು. ಅದೇ ದ್ವೀಪದಲ್ಲಿ ಅದೇ ಕಾಲಕ್ಕೆ ಮಹಿಳೆಯರು ಹೊಲಿಗೆ ಯಂತ್ರಗಳನ್ನಿಟ್ಟುಕೊಂಡು ಬಿಮಾ ವೇರ್ ಕಟ್ಟಿದರು. ತಿವಿಯ ಬಟ್ಟೆ ತೊಟ್ಟವರನ್ನು ಡಾರ್ವಿನ್‌ನ ಬೀದಿಯಲ್ಲಿ ದೂರದಿಂದಲೇ ಗುರುತಿಸಬಹುದು.

ಈ ಕಲಾಕೇಂದ್ರಗಳನ್ನು ಅಂಗಡಿ ಎನ್ನುವುದಕ್ಕಿಂತ ಸಹಕಾರ ಸಂಘ ಎನ್ನುವುದೇ ಸರಿ. ಹೆಚ್ಚಿನವುಗಳ ಒಡೆತನ ಕಲಾವಿದರದ್ದು, ಆಡಳಿತ ಮಂಡಳಿಯಲ್ಲಿ ಊರಿನ ಹಿರಿಯರು. ಮಾರಾಟವಾದ ಕೃತಿಯ ಬೆಲೆಯಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಸಾಮಾನ್ಯವಾಗಿ ಕಲಾವಿದರಿಗೆ. ಉಳಿದದ್ದರಲ್ಲಿ ಬಣ್ಣ, ಬಟ್ಟೆ, ಸಾಗಣೆ, ಸಂಬಳ. ನಗರದ ಕಂಪನಿಯೊಂದು ಚಿತ್ರವನ್ನು ಚೀಲದ ಮೇಲೆ ಹಾಕಬೇಕೆಂದರೆ ಇಲ್ಲಿಗೇ ಬಂದು ಕೇಳಬೇಕು. ಯಾವ ಚಿತ್ರ ಚೀಲಕ್ಕಾದೀತು, ಯಾವುದು ಎಂದಿಗೂ ಆಗದು ಎಂದು ನಿರ್ಧರಿಸುವವರು ಹಿರಿಯರು. ಆಮೇಲಷ್ಟೇ ಪರವಾನಗಿ ಪತ್ರ, ರಾಯಲ್ಟಿ, ಚೀಟಿಯಲ್ಲಿ ಕಲಾವಿದರ ಹೆಸರು. ‘ಸಮುದಾಯಕ್ಕೆ ಬೆಂಬಲ’ ಎಂದು ಕಂಪನಿಗಳು ಜಾಹೀರಾತಿನಲ್ಲಿ ಹೇಳಿಕೊಳ್ಳುವುದರ ಹಿಂದೆ ‘ಆಗದು’ ಎನ್ನುವ ಈ ಅಧಿಕಾರ ಯಾರ ಕೈಯಲ್ಲಿದೆ ಎಂದು ನೋಡಿದರೆ ಬೆಂಬಲದ ತೂಕ ತಿಳಿಯುತ್ತದೆ. ಲಾಭದಲ್ಲಿ ಇಂತಿಷ್ಟು ದಾನ ಕೊಡುತ್ತೇವೆನ್ನುವವರು ಬೇರೆ. ಬೇಡವೆಂದರೆ ಕೈಬಿಡುತ್ತೇವೆನ್ನುವವರು ಬೇರೆ.

ಹೀಗೆ ಬಂದ ಹಣ ಎಲ್ಲೆಲ್ಲಿಗೆ ಹೋಗುತ್ತದೆ ಎನ್ನುವುದು ಸ್ವಾರಸ್ಯದ ಸಂಗತಿ. ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 300 ಕಿಲೋಮೀಟರ್ ದೂರದ ಯುಎಂಡುಮು ಎಂಬ ಊರಿನ ವಾರ್ಲುಕುರ್ಲಂಗು ಕಲಾಕೇಂದ್ರ 1985ರದ್ದು. ಅಲ್ಲಿನ ಕಲಾವಿದರ ಚಿತ್ರಗಳು ಲೋಟ, ಕಾಲುಚೀಲ, ಕುತ್ತಿಗೆ ವಸ್ತ್ರಗಳ ಮೇಲೆ ಪರವಾನಗಿ ಪಡೆದೇ ಬರುತ್ತವೆ. ಆ ಕೇಂದ್ರ ಬೆಂಬಲಿಸುವ ಕೆಲಸಗಳಲ್ಲೊಂದು ಊರ ನಾಯಿಗಳ ಆರೈಕೆ. ಪಶುವೈದ್ಯರನ್ನು ಕರೆಸಿ ಚಿಕಿತ್ಸೆ, ಸಂತಾನಹರಣ ಮಾಡಿಸುತ್ತಾರೆ. ಮೆಲ್ಬರ್ನಿನಲ್ಲಿ ಯಾರೋ ಕೊಂಡ ಕಾಲುಚೀಲದ ಪಾಲು ಮರುಭೂಮಿಯ ನಾಯಿಯೊಂದರ ಕಜ್ಜಿಯ ಔಷಧಕ್ಕೆ ಹೋಗುವ ಲೆಕ್ಕ ಯಾವ ಕಾರ್ಪೊರೇಟ್ ಸಮಾಜಸೇವೆಯ ವರದಿಯಲ್ಲೂ ಹೊಳೆಯುವಂಥದ್ದಲ್ಲ. ಊರಿನವರೇ ತೀರ್ಮಾನಿಸಿದಾಗ ಮಾತ್ರ ಹೊಳೆಯುತ್ತದೆ.

ಪಪುನ್ಯಾ ತುಲಾದ ಕಥೆ ಇದಕ್ಕಿಂತ ದೊಡ್ಡದು. ಮರುಭೂಮಿಯ ಚುಕ್ಕಿ ಚಿತ್ರಗಳನ್ನು ಜಗತ್ತಿಗೆ ತೋರಿಸಿದ, 1972ರಲ್ಲಿ ಕಲಾವಿದರೇ ಕಟ್ಟಿಕೊಂಡ ಕಂಪನಿ ಅದು. ಅಲ್ಲಿನ ಪಶ್ಚಿಮದ ಊರುಗಳಲ್ಲಿ ಮೂತ್ರಪಿಂಡದ ಕಾಯಿಲೆ ವಿಪರೀತ. ಡಯಾಲಿಸಿಸ್ ಬೇಕೆಂದರೆ ಹಿರಿಯರು ಊರು, ನೆಲ, ಮೊಮ್ಮಕ್ಕಳನ್ನು ಬಿಟ್ಟು ಐನೂರು ಕಿಲೋಮೀಟರ್‌ಗೂ ದೂರದ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿ ಅಲ್ಲೇ ಉಳಿಯಬೇಕಿತ್ತು. 2000ದ ನವೆಂಬರಿನಲ್ಲಿ ಸಿಡ್ನಿಯ ಕಲಾ ಗ್ಯಾಲರಿಯಲ್ಲಿ ಇದಕ್ಕೆಂದೇ ಹರಾಜು ನಡೆಯಿತು. ಆ ಊರುಗಳ ಪೈಕಿ ಕಿಂಟೋರ್ ಮತ್ತು ಕಿವಿರ್ಕುರಾದ ಕಲಾವಿದರು ಕೂಡಿ ಬರೆದ ದೊಡ್ಡ ಚಿತ್ರಗಳೂ ಸೇರಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಬಂತು. ಕೆಲವೇ ವರ್ಷಗಳಲ್ಲಿ ಕಿಂಟೋರ್‌ನಲ್ಲೇ ಡಯಾಲಿಸಿಸ್ ಶುರುವಾಯಿತು. ಅದನ್ನು ನಡೆಸುವ ಸಂಸ್ಥೆಗೆ ಈಗ ಪರ್ಪಲ್ ಹೌಸ್ ಎಂದು ಹೆಸರು. ಹಲವು ದೂರದ ಊರುಗಳಲ್ಲಿ ಅದರ ಯಂತ್ರಗಳಿವೆ, ನೇರಳೆ ಬಣ್ಣದ ಲಾರಿಯೊಂದು ಯಂತ್ರ ಹೊತ್ತುಕೊಂಡೇ ಮರುಭೂಮಿ ಸುತ್ತುತ್ತದೆ. ಪರ್ಪಲ್ ಹೌಸ್ ಕಾಡು ಗಿಡಮೂಲಿಕೆಗಳ ಮುಲಾಮನ್ನೂ ಸಣ್ಣ ಡಬ್ಬಿಗಳಲ್ಲಿ ಮಾರುತ್ತದೆ. ಅದನ್ನು ಕಾಯಿಸಿ ತಯಾರಿಸುವವರಲ್ಲಿ ಚಿಕಿತ್ಸೆಗೆ ಬಂದವರೂ ಇದ್ದಾರೆ.

ಖಾಸಗಿ ಉದ್ದಿಮೆಗಳ ಕಥೆ ಅಷ್ಟು ಸರಳವಲ್ಲ. ಅವುಗಳಲ್ಲಿ ಹೆಸರು ಮಾಡಿದ್ದು ಬಾಲರಿಂಜಿ. ಯಾನ್ಯುವಾ ಜನಾಂಗದ ಜಾನ್ ಮೋರಿಯಾರ್ಟಿ ನಾಲ್ಕನೆಯ ವಯಸ್ಸಿನಲ್ಲೇ ಸರ್ಕಾರಿ ನೀತಿಯಂತೆ ತಾಯಿಯಿಂದ ಬೇರ್ಪಟ್ಟವರು. ಪತ್ನಿ ರಾಸ್ ಜೊತೆ 1983ರಲ್ಲಿ ಅವರು ಈ ವಿನ್ಯಾಸ ಸಂಸ್ಥೆ ಆರಂಭಿಸಿದಾಗ ತಲೆಯಲ್ಲಿದ್ದದ್ದು ತಮ್ಮ ಮಕ್ಕಳು, ಅವರು ಮಲಗುವ ಹಾಸಿಗೆಯ ಮೇಲೂ ತಮ್ಮವರ ಗುರುತು ಕಾಣಬೇಕೆಂಬ ಆಸೆ. ಹಾಸಿಗೆಯ ಹೊದಿಕೆಯಿಂದ ಹೊರಟದ್ದು 1994ರಲ್ಲಿ ಕ್ವಾಂಟಾಸ್‌ನ ಜಂಬೊ ವಿಮಾನಕ್ಕೆ ಕೆಂಪು ಕಾಂಗರೂಗಳ ಮೈಬಣ್ಣ ಬಳಿಯುವವರೆಗೆ ಬೆಳೆಯಿತು. ಅಡಿಲೇಡ್‌ನ ಬೆಟರ್ ವರ್ಲ್ಡ್ ಆರ್ಟ್ಸ್ ಬೇರೆಯೇ ಬಗೆಯದು. ಮರುಭೂಮಿಯ ಕಲಾವಿದರ ಚಿತ್ರಗಳನ್ನು ಅದು ಕಾಶ್ಮೀರಕ್ಕೆ ಕಳಿಸುತ್ತದೆ. ಅಲ್ಲಿನ ಕುಶಲಕರ್ಮಿಗಳು ಸರಪಳಿ ಹೊಲಿಗೆಯಲ್ಲಿ ಉಣ್ಣೆಯ ನೆಲಹಾಸು, ದಿಂಬಿನ ಕವರು ಮಾಡಿಕೊಡುತ್ತಾರೆ. ಇಬ್ಬರಿಗೂ ದುಡಿಮೆ, ಕಲಾವಿದರಿಗೆ ರಾಯಲ್ಟಿ. ಚಿತ್ರ ನೆಲಹಾಸಾದರೂ ಇಲ್ಲಿ ತಕರಾರಿಲ್ಲ. ನೆಲಕ್ಕೆ ಹಾಸಬಹುದಾದ ಚಿತ್ರ ಯಾವುದೆಂದು ಆರಿಸಿದವರು ಬರೆದವರೇ.

ಒಡೆಯ ಮೂಲನಿವಾಸಿಯೇ ಆಗಿದ್ದರೂ ಸಮಸ್ಯೆ ಮುಗಿಯುವುದಿಲ್ಲ ಎನ್ನುವುದಕ್ಕೆ ಧ್ವಜದ ಪ್ರಕರಣವಿದೆ. ಕಪ್ಪು, ಕೆಂಪು, ನಡುವೆ ಹಳದಿ ಸೂರ್ಯನ ಅಬಾರಿಜಿನಲ್ ಧ್ವಜವನ್ನು 1971ರಲ್ಲಿ ರಚಿಸಿದವರು ಹೆರಾಲ್ಡ್ ಥಾಮಸ್. ಅದರ ಹಕ್ಕುಸ್ವಾಮ್ಯ ಅವರದ್ದೆಂದು 1997ರಲ್ಲಿ ಕೋರ್ಟ್ ಹೇಳಿತು. 2018ರಲ್ಲಿ ಬಟ್ಟೆಯ ಮೇಲೆ ಅದನ್ನು ಬಳಸುವ ಹಕ್ಕನ್ನು ಅವರು ವ್ಯಾಮ್ ಕ್ಲೋದಿಂಗ್ ಎಂಬ ಕಂಪನಿಗೆ ಕೊಟ್ಟರು. ಆ ಕಂಪನಿಯ ಪಾಲುದಾರರಲ್ಲೊಬ್ಬರು ಬಿರೂಬಿಯ ನಿರ್ದೇಶಕರೂ ಆಗಿದ್ದವರು! ಮರುವರ್ಷವೇ, ಮೂಲನಿವಾಸಿ ಮಹಿಳೆ ಲಾರಾ ಥಾಂಪ್ಸನ್ ಸಹಸ್ಥಾಪಕಿಯಾಗಿದ್ದ ಕ್ಲೋದಿಂಗ್ ದ ಗ್ಯಾಪ್ಸ್ ಉದ್ದಿಮೆಗೆ ವ್ಯಾಮ್‌ನಿಂದ ನೋಟಿಸು ಬಂತು: ಧ್ವಜವಿರುವ ಅಂಗಿ ಮಾರಕೂಡದು. ತಮ್ಮದೇ ಬಾವುಟ ಹಾಕಿಕೊಳ್ಳಲು ಹೊರಗಿನವರ ಅಪ್ಪಣೆಯೇ ಎಂದು ಚಳವಳಿ ಶುರುವಾಯಿತು, ಫುಟ್‌ಬಾಲ್ ಮೈದಾನದವರೆಗೆ ಮುಟ್ಟಿತು. ಕೊನೆಗೆ 2022ರ ಜನವರಿಯಲ್ಲಿ ಸರ್ಕಾರ 2 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಹಕ್ಕನ್ನು ಕೊಂಡು ಸಾರ್ವಜನಿಕರಿಗೆ ಮುಕ್ತಗೊಳಿಸಿತು. ಥಾಮಸ್ ತಪ್ಪು ಮಾಡಿದರೇ? ತಾನು ರಚಿಸಿದ್ದನ್ನು ಯಾರಿಗೆ ಮಾರಬೇಕೆಂಬುದು ಕಲಾವಿದನ ಹಕ್ಕೆಂದು ವಾದಿಸುತ್ತ ಬಂದವರೇ ಆಗ ಇಕ್ಕಟ್ಟಿಗೆ ಸಿಲುಕಿದ್ದರು. ಕ್ಲೋದಿಂಗ್ ದ ಗ್ಯಾಪ್ಸ್ ಈಗಲೂ ತನ್ನ ಅಂಗಿಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ: ಎಲ್ಲರೂ ತೊಡಬಹುದಾದವು, ಮೂಲನಿವಾಸಿಗಳಷ್ಟೇ ತೊಡಬೇಕಾದವು. ಗಿರಾಕಿಗೆ ಬೇಡ ಎನ್ನುವ ಅಂಗಡಿ ಅಪರೂಪ.

ಈ ಕಥೆಯ ಒಂದು ಎಳೆ ಬೆಂಗಳೂರಿಗೂ ಬರುತ್ತದೆ. ಡಾರ್ವಿನ್‌ನಿಂದ ಪೂರ್ವಕ್ಕೆ ಸುಮಾರು ಐನೂರು ಕಿಲೋಮೀಟರ್ ದೂರದ ಮಣಿನ್‌ಗ್ರಿಡಾ ಎಂಬ ಊರಿನಲ್ಲಿ ಬಾಬರಾ ಮಹಿಳಾ ಕೇಂದ್ರವಿದೆ. 1983ರಲ್ಲಿ ನೊಂದ ಹೆಂಗಸರ ಆಸರೆಯಾಗಿ ಶುರುವಾಗಿ, ಆಮೇಲೆ ಬಟ್ಟೆ ಮುದ್ರಣದ ಕಡೆ ಹೊರಳಿದ್ದು. ಲಿನೋ ಹಾಳೆಯಲ್ಲಿ ಕೆತ್ತಿ, ಪರದೆಯ ಮೂಲಕ ಬಣ್ಣ ಒತ್ತಿ, ಅಲ್ಲಿನ ಹೆಂಗಸರು ಮೀನಿನ ಬಲೆ, ಗೆಡ್ಡೆಗೆಣಸು, ನೀರಿನ ಹೊಂಡದ ಚೇತನಗಳನ್ನು ಗಜಗಟ್ಟಲೆ ಬಟ್ಟೆಗೆ ಇಳಿಸುತ್ತಾರೆ. 2019ರಲ್ಲಿ ಅವರ ಬಟ್ಟೆಗಳು ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡವು. ಬೆಂಗಳೂರಿನ ಸದಾಶಿವನಗರದ ತರಂಗಿಣಿ, 1977ರಲ್ಲಿ ಲಕ್ಷ್ಮಿ ಶ್ರೀವತ್ಸ ಆರಂಭಿಸಿದ ಬ್ಲಾಕ್ ಪ್ರಿಂಟಿಂಗ್ ಕಾರ್ಯಾಗಾರ. ಮಣಿನ್‌ಗ್ರಿಡಾದ ಕಲಾವಿದೆಯರೂ ತರಂಗಿಣಿಯ ಮುದ್ರಕರೂ ಸೇರಿ ಬಟ್ಟೆಯ ಸರಣಿಯೊಂದನ್ನು ಮಾಡಿದರು. ಲಿನೋದಲ್ಲಿ ಇಡೀ ಚಿತ್ರ ಒಂದೇ ಹಾಳೆಯಲ್ಲಿ ನಿಂತಿರುತ್ತದೆ. ಮರದ ಅಚ್ಚಿಗೆ ಅದನ್ನು ತರಬೇಕಾದರೆ ಒಡೆದು ತುಂಡು ಮಾಡಬೇಕು, ಪ್ರತಿ ಬಣ್ಣಕ್ಕೂ ಬೇರೆ ಅಚ್ಚು, ಒಂದರ ಅಂಚಿಗೆ ಇನ್ನೊಂದು ಕೂಡಬೇಕು. ಕುಲದ ಕಥೆಯೊಂದನ್ನು ಎಲ್ಲಿ ತುಂಡರಿಸಿದರೆ ಅದು ಕೆಡುವುದಿಲ್ಲ ಎಂದು ಹೇಳಬಲ್ಲವರು ಅದನ್ನು ಬರೆದವರು. ಎಲ್ಲಿ ತುಂಡರಿಸಿದರೆ ಅಚ್ಚು ಸರಿಯಾಗಿ ಕೂರುತ್ತದೆ ಎಂದು ಹೇಳಬಲ್ಲವರು ಬೆಂಗಳೂರಿನ ಕೆಲಸಗಾರರು. ಇಂಥ ಕೆಲಸ ಇಮೇಲಿನಲ್ಲಿ ಫೋಟೊ ಕಳಿಸಿ ಮುಗಿಸುವಂಥದ್ದಲ್ಲ.

ಅದೇ ಬೆಂಗಳೂರಿನಲ್ಲಿ ವಾರ್ಲಿ ಆದಿವಾಸಿ ಚಿತ್ರಗಳ ಕಡ್ಡಿ ಮನುಷ್ಯರು ಕುರ್ತಾ, ಫೋನಿನ ಕವರು, ಹೋಟೆಲ್ ಗೋಡೆಗಳ ಮೇಲೆಲ್ಲ ಕುಣಿಯುತ್ತಿದ್ದಾರೆ. ಅವರನ್ನು ಯಾರು ಬರೆದರು ಎಂದು ಕೌಂಟರಿನಲ್ಲಿ ಕೇಳಿದವರು ಕಡಿಮೆ. ಆಸ್ಟ್ರೇಲಿಯಾದಲ್ಲಿ 2010ರಿಂದ ಜಾರಿಯಲ್ಲಿರುವ ಇಂಡಿಜಿನಸ್ ಆರ್ಟ್ ಕೋಡ್ ಎಂಬ ಸ್ವಯಂಪ್ರೇರಿತ ನಿಯಮಾವಳಿ ಕೊಳ್ಳುವವರ ಬಾಯಲ್ಲಿ ಈ ಪ್ರಶ್ನೆಯನ್ನೇ ಇಡುತ್ತದೆ: ಕಲಾವಿದರು ಯಾರು, ಎಲ್ಲಿಯವರು, ಅವರಿಗೆ ಹಣ ಹೇಗೆ ಸಲ್ಲುತ್ತದೆ. ಪ್ರಾಮಾಣಿಕ ಮಾರಾಟಗಾರನಿಗೆ ಉತ್ತರಿಸಲು ಅರ್ಧ ನಿಮಿಷ ಸಾಕು.

ಸ್ವಯಂಪ್ರೇರಿತ ಎಂಬಲ್ಲೇ ಅದರ ಮಿತಿಯೂ ಇದೆ. 2023ರ ಜನವರಿಯಲ್ಲಿ ಪ್ರಕಟವಾದ ರಾಷ್ಟ್ರೀಯ ಸಾಂಸ್ಕೃತಿಕ ನೀತಿಯಲ್ಲಿ ಆಸ್ಟ್ರೇಲಿಯಾ ಸರ್ಕಾರ ಮೂಲನಿವಾಸಿ ಸಮುದಾಯಗಳ ಸಾಂಸ್ಕೃತಿಕ ಜ್ಞಾನವನ್ನು ಕಾಯಲು ಪ್ರತ್ಯೇಕ ಕಾನೂನು ತರುವ ಮಾತು ಕೊಟ್ಟಿತು. ವ್ಯಕ್ತಿಯ ಹಕ್ಕಿನ ಪಕ್ಕದಲ್ಲಿ ಸಮುದಾಯದ ಹಕ್ಕನ್ನೂ ನಿಲ್ಲಿಸುವ ಯತ್ನ ಅದು. ಬರೆಯುವುದು ಸುಲಭವಿಲ್ಲ. ಒಂದೇ ಪೂರ್ವಜನ ಕಥೆ ಹಲವು ಕುಲಗಳ ನೆಲ ದಾಟಿ ಹೋಗಿರುತ್ತದೆ. ಒಂದೊಂದು ಕುಲಕ್ಕೆ ಅದರ ಒಂದೊಂದು ತುಂಡಿನ ಮೇಲೆ ಹಕ್ಕು, ಇನ್ನೊಂದರ ಮೇಲೆ ಕಾವಲು. ಲೋಟದ ಕಂಪನಿ ಪರವಾನಗಿ ಪತ್ರ ಹಿಡಿದು ಬಂದಾಗ ಆ ಪತ್ರದ ಮೇಲೆ ಸಹಿ ಹಾಕಬೇಕಾದವರು ಇವರಲ್ಲಿ ಯಾರು, ಒಬ್ಬರು ಹೂಂ ಎಂದು ಇನ್ನೊಬ್ಬರು ಉಹೂಂ ಎಂದರೆ ಯಾರ ಮಾತು ನಡೆಯಬೇಕು ಎಂಬುದನ್ನೂ ಕಾನೂನಿನ ಭಾಷೆಯಲ್ಲಿ ಹೇಳಬೇಕು.